ಕಚೇರಿಯಲ್ಲಿಯೂ ಮನೆಯಲ್ಲಿಯೂ ಕುಳಿತುಕೊಳ್ಳಲು ಒಂದು ತಾವು

ಉದ್ಯೋಗಸ್ಥರೆಂದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆ ಮರಳುವವರು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿತ್ತು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ದೇಶವೇ ಬಾಗಿಲು ಮುಚ್ಚಿದಾಗ ಊಟದ ಮೇಜೇ ಕಚೇರಿಯಾಯಿತು. ರೋಗದ ಭೀತಿ ತಗ್ಗಿದ ಬಳಿಕವೂ ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ವಾರದ ಕೆಲವು ದಿನ ಕಚೇರಿ, ಉಳಿದ ದಿನ ಮನೆ ಎಂಬ ಮಿಶ್ರ ಪದ್ಧತಿ ಉಳಿದುಕೊಂಡಿತು. ಇದನ್ನೇ 'ಹೈಬ್ರಿಡ್' ಎನ್ನುವರು. ಈ ಪದ್ಧತಿಯಿಂದ ಕಚೇರಿಗಳ ಒಳವಿನ್ಯಾಸವೇ ಬದಲಾಗುತ್ತಿರುವುದನ್ನು ಓದುಗ ಬಂಧುಗಳು ಅರಿಯಬೇಕಾಗಿದೆ. ಏಕೆಂದರೆ ಅದರ ಪರಿಣಾಮ ನಮ್ಮ ಮನೆಗಳ ಮೇಲೂ ಆಗುತ್ತಿದೆ.

ಎಲ್ಲರೂ ಎಲ್ಲ ದಿನವೂ ಬಾರದಿರುವಾಗ ತಲೆಗೊಂದು ಮೇಜು ಹಾಕುವುದು ಆಡಳಿತದವರಿಗೆ ದುಂದುವೆಚ್ಚವಾಗಿ ತೋರುವುದು ಸಹಜ. ಆದುದರಿಂದ ಮೊದಲು ಬಂದವರು ಬರಿದಾದ ಮೇಜಿನಲ್ಲಿ ಕುಳಿತುಕೊಳ್ಳುವ, ಇಲ್ಲವೆ ಮುಂಗಡವಾಗಿ ಆಸನ ಕಾಯ್ದಿರಿಸಿಕೊಳ್ಳುವ ಕ್ರಮ ಬಂದಿದೆ. ಇದು ಹೊಸತೆಂದು ತೋರಿದರೂ ಹಳೆಯ ಪ್ರಯೋಗವೇ ಆಗಿದೆ.

ಹಿಂದಿನ ಪ್ರಯೋಗಗಳ ಪಾಠ

1964ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಸಂಸ್ಥೆಯು ರಾಬರ್ಟ್ ಪ್ರಾಪ್ಸ್ಟ್ ಅವರ ಕಲ್ಪನೆಯ 'ಆಕ್ಷನ್ ಆಫೀಸ್' ಎಂಬ ಪೀಠೋಪಕರಣಗಳನ್ನು ಹೊರತಂದಿತು. 1968ರಲ್ಲಿ ಅದರ ಪರಿಷ್ಕೃತ ರೂಪ ಬಂದಿತು. ಕೆಲಸಗಾರನಿಗೆ ಸ್ವಾತಂತ್ರ್ಯವನ್ನೂ ಚಲನೆಯನ್ನೂ ಒದಗಿಸುವುದು ಪ್ರಾಪ್ಸ್ಟ್ ಅವರ ಉದ್ದೇಶವಾಗಿತ್ತು. ಸಂಸ್ಥೆಗಳಾದರೋ ಅದನ್ನು ಇಕ್ಕಟ್ಟಾದ ಚೌಕದ ಗೂಡುಗಳನ್ನಾಗಿ ಮಾಡಿದವು. ಕೊನೆಗೆ ಪ್ರಾಪ್ಸ್ಟ್ ಅವರೇ ಅದನ್ನು ಖಂಡಿಸುವಂತಾಯಿತು.

1990ರ ದಶಕದಲ್ಲಿ ಲಾಸ್ ಏಂಜಲೀಸಿನ ಷಯಾಟ್ ಡೇ ಎಂಬ ಜಾಹೀರಾತು ಸಂಸ್ಥೆಯು ಸ್ವಂತ ಮೇಜುಗಳನ್ನೇ ತೆಗೆದುಹಾಕಿತು. ನೌಕರರು ಬೆಳಿಗ್ಗೆ ಬಂದು ಕಂಪ್ಯೂಟರನ್ನೂ ಫೋನನ್ನೂ ಎರವಲು ಪಡೆದು ಎಲ್ಲಿ ಬೇಕಾದರಲ್ಲಿ ಕುಳಿತು ದುಡಿಯಬೇಕಾಗಿತ್ತು. ಉಪಕರಣಗಳು ಸಾಲದೆ ಹೋದವು. ಕೆಲವರು ತಮ್ಮ ಕಾಗದಪತ್ರಗಳನ್ನು ಕಾರಿನ ಡಿಕ್ಕಿಯಲ್ಲಿಯೇ ಇರಿಸಿಕೊಳ್ಳತೊಡಗಿದರು. 1998ರಲ್ಲಿ ಸಂಸ್ಥೆಯು ಹೊಸ ಕಟ್ಟಡಕ್ಕೆ ತೆರಳಿದಾಗ ನೌಕರರಿಗೆ ಸ್ವಂತ ತಾಣಗಳು ಮರಳಿ ದೊರೆತವು.

ಗೋಡೆಗಳನ್ನು ಕೆಡವಿದರೆ ಮಾತುಕತೆ ಹೆಚ್ಚುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೆರೆದ ವಿನ್ಯಾಸಕ್ಕೆ ಬದಲಾದ ಎರಡು ಕಚೇರಿಗಳಲ್ಲಿ ಮುಖಾಮುಖಿ ಮಾತುಕತೆ ಸುಮಾರು ಶೇ. 70ರಷ್ಟು ಕುಗ್ಗಿತು, ಇ-ಮೇಲ್ ಪತ್ರವ್ಯವಹಾರ ಹೆಚ್ಚಿತು. ಮರೆಯಿಲ್ಲದೆಡೆ ಮನುಷ್ಯನು ಮನಸ್ಸಿನೊಳಗೇ ಮರೆ ಕಟ್ಟಿಕೊಳ್ಳುವನೆಂದು ನಮಗೆ ತೋರುತ್ತದೆ.

ಇಂದಿನ ಒಳವಿನ್ಯಾಸ

ಈ ಅನುಭವಗಳಿಂದ ಪಾಠ ಕಲಿತ ವಿನ್ಯಾಸಕಾರರು ಇಂದು ಕಚೇರಿಯನ್ನು ಕೆಲಸಕ್ಕೆ ತಕ್ಕಂತೆ ವಿಭಾಗಿಸುತ್ತಿರುವರು. ಏಕಾಗ್ರತೆಗೆ ನಿಶ್ಶಬ್ದ ಕೋಣೆ, ಫೋನಿನ ಮಾತಿಗೆ ಒಬ್ಬರೇ ನಿಲ್ಲುವಷ್ಟು ಗಾಜಿನ ಗೂಡು, ಸದ್ದನ್ನು ಹೀರುವ ಮೆತ್ತನೆಯ ಫಲಕಗಳು, ಎಲ್ಲರಿಗೂ ಬೀಗವುಳ್ಳ ಕಪಾಟು ಇವು ಮುಖ್ಯವಾದವು. ಮನೆಯಿಂದ ಭಾಗವಹಿಸುವವರ ಮುಖ ಸ್ಪಷ್ಟವಾಗಿ ಕಾಣುವಂತೆ ಸಭಾಕೋಣೆಗಳಲ್ಲಿ ದೊಡ್ಡ ಪರದೆಯನ್ನೂ, ಕುಳಿತವರ ಕಣ್ಣಿನ ಎತ್ತರಕ್ಕೆ ಕ್ಯಾಮರಾವನ್ನೂ ಅಳವಡಿಸುವರು. ಸ್ವಂತ ಮೇಜು ಹೋದರೂ ಇಂಥ ಅನುಕೂಲಗಳಿದ್ದಲ್ಲಿ ನೌಕರನಿಗೆ ನೆಲೆ ತಪ್ಪಿದ ಭಾವನೆ ಬಾರದು. ಇವಿಲ್ಲದೆ ಬಣ್ಣದ ಸೋಫಾ, ಹಸಿರು ಕುಂಡಗಳನ್ನು ಮಾತ್ರ ಇರಿಸಿದರೆ ಅದು ಬರಿಯ ಶೃಂಗಾರ.

ಮನೆಯೊಳಗಿನ ಕಚೇರಿ

ಕಚೇರಿಗೆ ಇಷ್ಟೆಲ್ಲ ಯೋಚಿಸುವಾಗ ಮನೆಯ ಗತಿಯೇನು? ಮಗನಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ದೊರೆಯುತ್ತದೆ. ಅಷ್ಟೇ ಹೊಣೆಯ ಕೆಲಸದಲ್ಲಿರುವ ಸೊಸೆಯು ಮಂಚದ ಅಂಚಿನಲ್ಲಿ ಕುಳಿತು, ನಡುನಡುವೆ ಒಲೆಯ ಮೇಲಿನ ಹಾಲನ್ನೂ ನೋಡಿಕೊಳ್ಳಬೇಕಾಗುತ್ತದೆ. ಅತ್ತೆ ಮಾವಂದಿರಿಗೆ ಅವಳು ಮನೆಯಲ್ಲಿಯೇ ಇದ್ದಾಳೆಂಬ ಭಾವನೆ. ಮೇಲಧಿಕಾರಿಗಳಿಗೆ ಅವಳು ಕಚೇರಿಯಲ್ಲಿದ್ದಾಳೆಂಬ ಭಾವನೆ. ಈ ಎರಡರ ನಡುವೆ ಅವಳ ಬೆನ್ನೂ ಮನಸ್ಸೂ ಬಳಲುತ್ತವೆ.

ಇದಕ್ಕೆ ಹೊಸ ಕೋಣೆ ಕಟ್ಟಿಸಬೇಕಾಗಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಒಂದು ಗಟ್ಟಿ ಮೇಜು. ಪಾದಗಳು ನೆಲಕ್ಕೆ ಊರುವ, ಬೆನ್ನಿಗೆ ಆಸರೆಯುಳ್ಳ ಕುರ್ಚಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕಂಪ್ಯೂಟರಿನ ಕೆಳಗೆ ನಾಲ್ಕು ದಪ್ಪ ಪುಸ್ತಕಗಳು, ಜೊತೆಗೆ ಬೇರೊಂದು ಕೀಲಿಮಣೆ ಇಷ್ಟಿದ್ದರೆ ಸಾಕು. ದಪ್ಪ ಬಟ್ಟೆಯ ತೆರೆ ಸದ್ದನ್ನು ಸ್ವಲ್ಪ ತಗ್ಗಿಸುವುದು. ಕೋಣೆ ಒಂದೇ ಇದ್ದಲ್ಲಿ ಗಂಡ ಹೆಂಡಿರು ಸಭೆಗಳ ವೇಳೆಯನ್ನು ನೋಡಿಕೊಂಡು ಸರದಿಯಂತೆ ಬಳಸಬಹುದು. ಸಂಜೆ ಕಂಪ್ಯೂಟರನ್ನು ಕಪಾಟಿನಲ್ಲಿರಿಸಿ ಬಾಗಿಲು ಹಾಕಿದರೆ ಕಚೇರಿಯೂ ಮುಚ್ಚಿದಂತೆ.

ಆ ಮೇಜಿನ ಮುಂದೆ ಕುಳಿತವರು ಮಗನಾಗಲಿ, ಸೊಸೆಯಾಗಲಿ, ಅವರು ಕೆಲಸದಲ್ಲಿರುವರೆಂದು ಮನೆಮಂದಿಯೆಲ್ಲ ತಿಳಿದು ನಡೆಯುವುದು ಎಲ್ಲಕ್ಕೂ ಮಿಗಿಲಾದುದು. ಈ ವಿನ್ಯಾಸಕ್ಕೆ ಕಾಸಿನ ಖರ್ಚಿಲ್ಲ. ಅದನ್ನು ಹಿರಿಯರೇ ಮೊದಲು ಜಾರಿಗೆ ತರಲಿ ಎಂಬುದು ನಮ್ಮ ಆಶಯ.