ಸೂರ್ಯನ ಕಮಾನುಗಳ ಕಾವು

ಒಲೆಯಿಂದ ದೂರ ಸರಿದಂತೆ ಕಾವು ಕುಗ್ಗುವುದು ಲೋಕರೂಢಿ. ಸೂರ್ಯನಲ್ಲಿ ಇದು ತಲೆಕೆಳಗು: ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅದರಾಚೆಯ ಪ್ರಭಾವಲಯವಾದ ಕರೋನಾ 10 ಲಕ್ಷ ಡಿಗ್ರಿಗೂ ಮಿಗಿಲು. ತಂಪಾದುದರಿಂದ ಬಿಸಿಯಾದುದಕ್ಕೆ ಕಾವು ತಾನಾಗಿ ಹರಿಯದು. ಬೇರೆ ದಾರಿಯೇ ಇರಬೇಕು.

ಕರೋನಾದಲ್ಲಿ ಕಾಂತಕ್ಷೇತ್ರವು ಬಿಸಿ ಅನಿಲವನ್ನು ಕಮಾನುಗಳಾಗಿ ಬಾಗಿಸಿದೆ. ಅವುಗಳ ಪಾದಗಳು ಕುದಿಯುವ ಮೇಲ್ಮೈಯಲ್ಲಿ ನೆಟ್ಟಿವೆ. ಪಾದಗಳು ಅಲುಗಿದಂತೆ ಕಾಂತರೇಖೆಗಳು ಹೆರಳಿನ ಎಳೆಗಳಂತೆ ಹೆಣೆದುಕೊಳ್ಳುತ್ತವೆ. ಬಿಗಿ ಮೀರಿದಾಗ ಕಡಿದು, ಮತ್ತೆ ಕೂಡಿ, ಅಡಗಿದ್ದ ಶಕ್ತಿಯನ್ನು ಕಾವಾಗಿ ಚೆಲ್ಲುತ್ತವೆ. ಇಂಥ ಅಸಂಖ್ಯ ಕಿರುಸ್ಫೋಟಗಳೇ ಕಾರಣವೆಂದು 1988ರಲ್ಲಿ ಯೂಜೀನ್ ಪಾರ್ಕರ್ ವಾದಿಸಿದರು. 1942ರಲ್ಲಿ ಆಲ್ಫ್‌ವೆನ್ ಊಹಿಸಿದ ಕಾಂತತರಂಗಗಳು, ಮೀಟಿದ ತಂತಿಯ ಕಂಪನದಂತೆ ಸಾಗಿ, ಶಕ್ತಿಯನ್ನು ಮೇಲಕ್ಕೊಯ್ಯುತ್ತವೆಂಬುದು ಇನ್ನೊಂದು ಪಕ್ಷ.

ಕಾವ್ಯಪಾಠ ಹೇಳಿ ನಿವೃತ್ತನಾದ ನನಗೆ ಇದು ಶಾಸ್ತ್ರಚರ್ಚೆಯಂತೆಯೇ ತೋರುತ್ತದೆ: ಎರಡು ಪಕ್ಷಗಳಿಗೂ ಪ್ರಮಾಣಗಳುಂಟು, ಸಿದ್ಧಾಂತವಿನ್ನೂ ಸ್ಥಿರವಾಗಿಲ್ಲ. 2023ರಲ್ಲಿ ನಮ್ಮ ಆದಿತ್ಯ-ಎಲ್1 ಹೊರಟದ್ದೂ ಇಂಥ ಪ್ರಮಾಣಗಳನ್ನರಸಿಯೇ.