ಬೀಜವಿಲ್ಲದ ಮರದ ಕಡಲಯಾನ

1787ರ ಡಿಸೆಂಬರ್ 23ರಂದು ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಿಂದ ಹೊರಟ ‘ಬೌಂಟಿ’ ಹಡಗಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಕಪ್ತಾನನಿಗೆ ಸಿಕ್ಕಿರಲಿಲ್ಲ, ಸಸಿಗಳಿಗೆ ಮೀಸಲಾಗಿತ್ತು. ಆ ಕೋಣೆಯ ನೆಲಕ್ಕೆ ಸೀಸದ ತಗಡು ಹಾಸಿ, ಕುಂಡಗಳಿಂದ ಸೋರಿದ ನೀರನ್ನು ಪೀಪಾಯಿಯಲ್ಲಿ ಹಿಡಿದು ಮತ್ತೆ ಗಿಡಗಳಿಗೇ ಉಣಿಸುವ ಏರ್ಪಾಟು ಮಾಡಿದ್ದರು. ಹೊರಟದ್ದು ತಹೀಟಿಗೆ, ತರಬೇಕಾದದ್ದು ದೀವಿಹಲಸು. ನಮ್ಮ ಕರಾವಳಿಯವರು ಜೀಗುಜ್ಜೆ ಎಂದು ಕರೆಯುವ ಅದೇ ಮರ.

ಕಪ್ತಾನ ವಿಲಿಯಂ ಬ್ಲೈ, ದಂಗೆಯೆದ್ದ ಫ್ಲೆಚರ್ ಕ್ರಿಶ್ಚಿಯನ್, ಇಬ್ಬರ ಕಥೆಯೂ ಲೋಕಕ್ಕೆ ಗೊತ್ತು. ತಹೀಟಿಯಲ್ಲಿ ಐದು ತಿಂಗಳು ತಂಗಿ, ಸಾವಿರಕ್ಕೂ ಹೆಚ್ಚು ಸಸಿಗಳನ್ನು ತುಂಬಿಕೊಂಡು ಹೊರಟ ಹಡಗಿನಲ್ಲಿ 1789ರ ಏಪ್ರಿಲ್ 28ರ ಬೆಳಗಿನ ಜಾವ ದಂಗೆಯಾಯಿತು. ಬ್ಲೈ ಮತ್ತು ಹದಿನೆಂಟು ಮಂದಿಯನ್ನು ಇಪ್ಪತ್ಮೂರು ಅಡಿಯ ದೋಣಿಗೆ ಇಳಿಸಿದರು. ಆ ದೋಣಿಯಲ್ಲೇ ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿ ಅವರು ತಿಮೋರ್ ದ್ವೀಪ ಮುಟ್ಟಿದರು. ದಂಗೆಕೋರರು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. 1935ರಲ್ಲಿ ಕ್ಲಾರ್ಕ್ ಗೇಬಲ್, 1962ರಲ್ಲಿ ಮರ್ಲನ್ ಬ್ರಾಂಡೊ, 1984ರಲ್ಲಿ ಮೆಲ್ ಗಿಬ್ಸನ್ ತೆರೆಯ ಮೇಲೆ ಕ್ರಿಶ್ಚಿಯನ್ ಆದರು. ಕಪ್ತಾನ ಕ್ರೂರಿಯೋ ಅಲ್ಲವೋ ಎಂಬ ವಾದ ಇಂದಿಗೂ ನಿಂತಿಲ್ಲ. ಇಷ್ಟೊಂದು ಸಸಿಗಳನ್ನು ಯಾರ ಹೊಟ್ಟೆಗಾಗಿ ಹೊತ್ತೊಯ್ಯುತ್ತಿದ್ದರು ಎಂಬ ಮಾತು ಮಾತ್ರ ಈ ಗದ್ದಲದಲ್ಲಿ ಮರೆಯಾಯಿತು. ನನಗೆ ದಂಗೆಗಿಂತ ದೊಡ್ಡದಾಗಿ ಕಾಣುವುದು ಆ ಪ್ರಶ್ನೆಯೇ.

ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ದುಡಿಯುತ್ತಿದ್ದರು. ಒಳ್ಳೆಯ ನೆಲಕ್ಕೆಲ್ಲ ಕಬ್ಬು ಹಾಕಿದ್ದ ಮಾಲೀಕರು ಆಹಾರಕ್ಕಾಗಿ ಉತ್ತರ ಅಮೆರಿಕದ ಹಡಗುಗಳನ್ನು ನೆಚ್ಚಿಕೊಂಡಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ ಆ ವ್ಯಾಪಾರಕ್ಕೆ ಬ್ರಿಟನ್ ಅಡ್ಡ ಹಾಕಿತು. ಅದೇ ಹೊತ್ತಿಗೆ ಚಂಡಮಾರುತಗಳು ಒಂದರ ಹಿಂದೊಂದು ಬಂದು ಬಾಳೆ ನೆಲಕಚ್ಚಿತು. 1780ರಿಂದ 1787ರವರೆಗೆ ಹಸಿವು ಮತ್ತು ಹಸಿವು ತಂದ ಕಾಯಿಲೆಗಳಿಂದ ಹದಿನೈದು ಸಾವಿರ ಗುಲಾಮರು ಸತ್ತರೆಂದು ಜಮೈಕಾದ ಶಾಸನಸಭೆಯೇ ಅಂದಾಜು ಮಾಡಿತ್ತು. ತೋಟದ ಮಾಲೀಕರು ದೀವಿಹಲಸು ಬೇಕೆಂದು ಅದಕ್ಕೂ ಮೊದಲಿನಿಂದಲೇ ಕೇಳುತ್ತಿದ್ದರು. ಒಮ್ಮೆ ನೆಟ್ಟರೆ ಆರೈಕೆ ಕಡಿಮೆ, ಫಸಲು ಹೇರಳ. ಕೂಲಿಯಿಲ್ಲದೆ ದುಡಿಯುವವರಿಗೆ ಖರ್ಚಿಲ್ಲದ ಊಟ. 1769ರಲ್ಲಿ ನಾವಿಕ ಜೇಮ್ಸ್ ಕುಕ್‌ನೊಂದಿಗೆ ತಹೀಟಿಗೆ ಹೋಗಿ ಈ ಮರವನ್ನು ಕಣ್ಣಾರೆ ಕಂಡಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಬೌಂಟಿ ಯಾನದ ಬೆನ್ನಿಗೆ ನಿಂತವನು.

ಹಲಸಿನ ಬೀಜದಂತೆ ಇದರ ಬೀಜವನ್ನು ಚೀಲಕ್ಕೆ ತುಂಬಿ ಒಯ್ಯುವಂತಿರಲಿಲ್ಲವೇ? ಇರಲಿಲ್ಲ. ತಹೀಟಿಯಲ್ಲಿ ಬೆಳೆಯುವ ದೀವಿಹಲಸಿಗೆ ಬೀಜವೇ ಇಲ್ಲ. ಬೇರಿಗೆ ಗಾಯವಾದ ಕಡೆ ಮೊಳೆಯುವ ಮರಿಯನ್ನು ಕಿತ್ತು ನೆಡಬೇಕು, ಬೇರು ಹಿಡಿಯುವವರೆಗೆ ಕಾಯಬೇಕು. ಬ್ಲೈ ಐದು ತಿಂಗಳು ಕಾದದ್ದಕ್ಕೆ ಇದೂ ಒಂದು ಕಾರಣ. ಅಂದರೆ ಇಂಥ ಪ್ರತಿಯೊಂದು ಮರದ ಹಿಂದೆಯೂ ಅದನ್ನು ಇನ್ನೊಂದು ಮರದಿಂದ ಬಿಡಿಸಿ ತಂದ ಯಾರದೋ ಕೈ ಇದೆ. ಆ ಕೈಗಳಲ್ಲಿ ಬ್ಲೈನದು ತೀರಾ ಈಚಿನದು. ಇದರ ಮೂಲಪುರುಷ ಕಮಾನ್ಸಿ ಎಂಬ ಬೀಜವುಳ್ಳ ಕಾಡುಜಾತಿ ನ್ಯೂಗಿನಿಯ ಕಡೆಯದು. ಮೂರು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿಂದ ಪೂರ್ವಕ್ಕೆ ಹೊರಟ ನಾವಿಕರು ದ್ವೀಪದಿಂದ ದ್ವೀಪಕ್ಕೆ ಹೋಗುತ್ತ, ತಿರುಳು ಹೆಚ್ಚು ಬೀಜ ಕಡಿಮೆ ಇರುವ ಮರಗಳನ್ನೇ ಆರಿಸಿ ನೆಡುತ್ತ ಬಂದರು. ಫಲವಾಗಿ ಪೂರ್ವದ ದ್ವೀಪಗಳನ್ನು ತಲುಪುವಷ್ಟರಲ್ಲಿ ಬೀಜವೇ ಇಲ್ಲವಾಗಿತ್ತು. ಸೀಸದ ತಗಡಿಲ್ಲ, ದೊಡ್ಡ ಕೋಣೆಯಿಲ್ಲ. ಉಪ್ಪುನೀರು ಸಿಡಿಯುವ ತೆರೆದ ದೋಣಿಯಲ್ಲಿ ಬೇರಿನ ಮರಿಗಳನ್ನು ಬದುಕಿಸಿಕೊಂಡು ಸಾವಿರಾರು ಕಿಲೋಮೀಟರ್ ಸಾಗಿದ ಈ ಜನರ ಹೆಸರು ಯಾವ ದಿನಚರಿಯಲ್ಲೂ ಇಲ್ಲ. ಸಾಹಸ ಎಂದರೆ ನಾನು ಇದನ್ನು ಅನ್ನುತ್ತೇನೆ.

ಆ ದ್ವೀಪಗಳಲ್ಲಿ ಮರದ ಯಾವ ಭಾಗವೂ ವ್ಯರ್ಥವಾಗಲಿಲ್ಲ. ಮೇಣವನ್ನು ದೋಣಿಯ ಸಂದು ಮುಚ್ಚಲು, ಹಕ್ಕಿ ಹಿಡಿಯಲು ಬಳಸಿದರು. ತೊಗಟೆಯನ್ನು ಬಡಿದು ಬಟ್ಟೆ ಮಾಡಿದರು. ಒಣಗಿದ ಗಂಡುಹೂವನ್ನು ಸುಟ್ಟು ಸೊಳ್ಳೆ ಓಡಿಸಿದರು. ಸುಗ್ಗಿಯಲ್ಲಿ ಮಿಕ್ಕ ಕಾಯಿಯನ್ನು ಎಲೆ ಹಾಸಿದ ಗುಂಡಿಯಲ್ಲಿ ಹುದುಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಬಿರುಗಾಳಿ ಬೆಳೆಯನ್ನು ಹೊತ್ತೊಯ್ದ ವರ್ಷ ಆ ಗುಂಡಿಯೇ ಊರನ್ನು ಸಾಕುತ್ತಿತ್ತು.

ಮರ ಹುಟ್ಟಿದ ಬಗೆಗೆ ಅವರು ಹೇಳುವ ಕಥೆಗಳೂ ಬರಗಾಲದ ಕಥೆಗಳೇ. ತಹೀಟಿಯ ಜನರ ಪ್ರಕಾರ, ತಿನ್ನಲು ಏನೂ ಸಿಗದೆ ಜನ ಕೆಂಪುಮಣ್ಣು ತಿನ್ನುತ್ತಿದ್ದ ಕಾಲದಲ್ಲಿ ರುವಾತಆತ ಎಂಬಾತ ಹೆಂಡತಿ ಮಕ್ಕಳೊಂದಿಗೆ ಗುಹೆ ಸೇರಿದ. ಮಕ್ಕಳ ಹಸಿವು ನೋಡಲಾರದೆ ಒಂದು ರಾತ್ರಿ ಹೊರಗೆ ಹೋಗಿ ನಿಂತು ತಾನೇ ಮರವಾದ. ಕೈಗಳು ಅಗಲ ಎಲೆಗಳಾದವು, ತಲೆ ಕಾಯಿಯಾಯಿತು. ಹವಾಯಿಯಲ್ಲಿ ಇದೇ ತ್ಯಾಗವನ್ನು ಕೂ ಎಂಬ ದೇವರು ಮಾಡುತ್ತಾನೆ: ಮನುಷ್ಯ ಹೆಣ್ಣನ್ನು ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದವನು ಬರ ಬಂದಾಗ ಮಣ್ಣಿನೊಳಗೆ ಇಳಿದುಹೋಗುತ್ತಾನೆ, ಹೆಂಡತಿಯ ಕಣ್ಣೀರು ಬಿದ್ದ ಜಾಗದಲ್ಲಿ ಮರ ಚಿಗುರುತ್ತದೆ. ಎರಡರಲ್ಲೂ ಅನ್ನ ಕೊಡುವವನು ತನ್ನನ್ನೇ ಕೊಡುತ್ತಾನೆ. ತೋಟದ ಮಾಲೀಕರ ಲೆಕ್ಕದಲ್ಲಿ ಇದೇ ಮರ ಗುಲಾಮರ ಪಡಿತರದ ಖರ್ಚು ಉಳಿಸುವ ಉಪಾಯ. ಎಷ್ಟು ದೂರ ಬಂದುಬಿಟ್ಟಿತು!

ಬ್ಲೈ ಪಟ್ಟು ಬಿಡಲಿಲ್ಲ. 1791ರಲ್ಲಿ ‘ಪ್ರಾವಿಡೆನ್ಸ್’ ಹಡಗಿನಲ್ಲಿ ಮತ್ತೆ ಹೊರಟು ಎರಡು ಸಾವಿರಕ್ಕೂ ಹೆಚ್ಚು ಸಸಿಗಳನ್ನು ಹೇರಿಕೊಂಡ. ದಾರಿಯಲ್ಲಿ ಸತ್ತವು ಸತ್ತು, ಉಳಿದವು 1793ರ ಆರಂಭದಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾ ಸೇರಿದವು. ಜಮೈಕಾದ ಶಾಸನಸಭೆ ಅವನಿಗೆ ಸಾವಿರ ಗಿನಿ ಇನಾಮು ಕೊಟ್ಟಿತು. ಗಿಡಗಳ ಜೊತೆ ಹಡಗು ಹತ್ತಿ ಬಂದಿದ್ದ ಒಬ್ಬ ತಹೀಟಿ ಯುವಕ, ಅವುಗಳನ್ನು ನೋಡಿಕೊಳ್ಳಲೆಂದು ಜಮೈಕಾದಲ್ಲೇ ಉಳಿದ. ಅದೇ ವರ್ಷ ಅಲ್ಲಿಯೇ ತೀರಿಕೊಂಡ.

ಮರಗಳು ಚೆನ್ನಾಗಿ ಬಂದವು, ಕಾಯಿ ಜಗ್ಗಿತು. ತಿನ್ನಬೇಕಾದವರು ಮಾತ್ರ ತಿನ್ನಲಿಲ್ಲ. ತಾವೇ ಬೆಳೆದ ಗೆಣಸು, ಬಾಳೆ ಅವರಿಗೆ ರುಚಿಸುತ್ತಿತ್ತು. ಎಷ್ಟೋ ಕಡೆ ದೀವಿಹಲಸು ಹಂದಿಗಳ ಪಾಲಾಯಿತು. ಒಡೆಯ ಹೇಳಿದ್ದನ್ನೆಲ್ಲ ಮಾಡಲೇಬೇಕಾದ ಬದುಕಿನಲ್ಲಿ ಒಡೆಯ ತಂದುಕೊಟ್ಟದ್ದನ್ನು ನಾಲಿಗೆಗೆ ಹತ್ತಿಸಿಕೊಳ್ಳದಿರುವುದು ಸಣ್ಣ ಸ್ವಾತಂತ್ರ್ಯವಲ್ಲ. ಗುಲಾಮಗಿರಿ 1838ರಲ್ಲಿ ಪೂರ್ತಿ ಕೊನೆಗೊಂಡಿತು. ತಮ್ಮದೇ ಹಿತ್ತಿಲು, ತಮ್ಮದೇ ಒಲೆ ಆದಮೇಲೆ ಅದೇ ಜನರ ಮಕ್ಕಳು, ಮೊಮ್ಮಕ್ಕಳು ಈ ಮರವನ್ನು ತಮ್ಮದಾಗಿಸಿಕೊಂಡರು. ಇಂದು ಕೆಂಡದಲ್ಲಿ ಸುಟ್ಟ ದೀವಿಹಲಸು ಮತ್ತು ಹುರಿದ ಮೀನು ಸೇಂಟ್ ವಿನ್ಸೆಂಟಿನ ರಾಷ್ಟ್ರೀಯ ಊಟ. ಬ್ಲೈ ತಂದ ಗಿಡದ ಪೀಳಿಗೆಯದೆಂದು ಹೇಳುವ ಮರವೊಂದು ಕಿಂಗ್ಸ್‌ಟೌನಿನ ಸಸ್ಯೋದ್ಯಾನದಲ್ಲಿದೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹಿತ್ತಿಲುಗಳಲ್ಲಿ ಈ ಮರ ಸದ್ದಿಲ್ಲದೆ ಬದುಕಿದೆ. ಪೋಡಿ, ಪಲ್ಯ, ಹುಳಿ, ಚಿಪ್ಸ್ ಎಂದು ಅಡುಗೆಯವರು ಅದನ್ನು ನೂರು ಬಗೆಯಲ್ಲಿ ಬಲ್ಲರು. ಕೊಯ್ದ ಕೆಲವೇ ದಿನಗಳಲ್ಲಿ ಮೆತ್ತಗಾಗುವುದರಿಂದ ದೂರದ ಪೇಟೆಗೆ ಹೆಚ್ಚು ಹೋಗುವುದಿಲ್ಲ. ಬಯಲುಸೀಮೆಯ ಎಷ್ಟೋ ಕನ್ನಡಿಗರು ಇದನ್ನು ನೋಡಿಯೇ ಇಲ್ಲ. ಇದು ಹೀಗೇ ಇರಬೇಕಾಗಿಲ್ಲ. ಹವಾಯಿಯ ಬ್ರೆಡ್‌ಫ್ರೂಟ್ ಇನ್‌ಸ್ಟಿಟ್ಯೂಟ್ ನೂರಕ್ಕೂ ಹೆಚ್ಚು ತಳಿಗಳನ್ನು ಕೂಡಿಟ್ಟು, ಅಂಗಾಂಶ ಕೃಷಿಯಲ್ಲಿ ಎಬ್ಬಿಸಿದ ಸಸಿಗಳು ಹಸಿದ ದೇಶಗಳಿಗೆ ತಲುಪುವಂತೆ ಮಾಡಿದೆ. ಭೂಮಿ ಬಿಸಿಯಾದರೂ ಈ ಬೆಳೆಗೆ ಒಗ್ಗುವ ಪ್ರದೇಶ ಹೆಚ್ಚೇನೂ ಕುಗ್ಗುವುದಿಲ್ಲವೆಂದು 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಭತ್ತದಂಥ ಬೆಳೆಯ ಬಗ್ಗೆ ಅಷ್ಟು ಧೈರ್ಯದಿಂದ ಹೇಳುವುದು ಕಷ್ಟ.

ಕೆರಿಬಿಯನ್ನಿನ ಗ್ರೆನಡಾದಲ್ಲಿ ‘ಆಯಿಲ್ ಡೌನ್’ ಎಂಬ ಅಡುಗೆ ಇದೆ, ಅದೇ ಆ ದೇಶದ ರಾಷ್ಟ್ರೀಯ ಊಟ. ದೊಡ್ಡ ಪಾತ್ರೆಯಲ್ಲಿ ದೀವಿಹಲಸಿನ ಹೋಳು, ಉಪ್ಪು ಹಾಕಿದ ಮಾಂಸ, ಅರಿಸಿನ, ಕೆಸುವಿನ ಎಲೆ, ಎಲ್ಲವೂ ತೆಂಗಿನ ಹಾಲಿನಲ್ಲಿ ಬೇಯುತ್ತವೆ. ಹಾಲಿನ ನೀರಂಶ ಇಂಗಿ ತಳದಲ್ಲಿ ಎಣ್ಣೆ ಬಿಟ್ಟರೆ ಪಾತ್ರೆ ಇಳಿಸಬಹುದು. ಮಾಂಸ ಬಿಟ್ಟು ಮಾಡುವುದಾದರೆ ಬೇಕಾದ ಸಾಮಾನೆಲ್ಲ ಮಂಗಳೂರಿನ ಯಾವ ಹಿತ್ತಿಲಲ್ಲೂ ಸಿಗುತ್ತದೆ.