ಔತಣಕೂಟದ ಕಾಯಂ ಅತಿಥಿ

ಕಡುಗೆಂಪು ಗೋಡೆಗಳ ರೆಸ್ಟೋರೆಂಟ್. ಮೇಜುಗಳೆಲ್ಲ ಭರ್ತಿ. ಮಾತೆಲ್ಲ ತಗ್ಗಿದ ದನಿಯದು, ನಗುವೆಲ್ಲ ಅಳತೆಯದು. ಬಾರ್‌ನಲ್ಲಿ ಒಂಟಿಯಾಗಿ ಕೂತ ಮಾಜಿ ಪತ್ತೇದಾರ ಕತ್ತು ಹೊರಳಿಸಿ ಒಳಗಿನ ಹಜಾರದತ್ತ ನೋಡುತ್ತಾನೆ. ಕ್ಯಾಮೆರಾ ಅವನನ್ನು ಅಲ್ಲೇ ಬಿಟ್ಟು ಹಿಂದೆ ಸರಿಯುತ್ತದೆ. ಊಟಕ್ಕೆ ಕೂತವರನ್ನೆಲ್ಲ ಹಾಯ್ದು, ಹಸಿರು ಶಾಲು ಹೊದ್ದು ಬೆನ್ನು ತೋರಿಸಿ ಕುಳಿತ ಹೊಂಗೂದಲ ಹೆಣ್ಣೊಬ್ಬಳ ಕಡೆಗೆ ತೇಲಿಕೊಂಡು ಹೋಗುತ್ತದೆ. ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ವರ್ಟಿಗೊ’ (1958) ನೋಡಿದವರು ಈ ಗಳಿಗೆಯನ್ನು ಮರೆಯುವುದಿಲ್ಲ. ನೋಡಿದವನು ಜೇಮ್ಸ್ ಸ್ಟೂವರ್ಟ್, ನೋಡಿಸಿಕೊಂಡವಳು ಕಿಮ್ ನೊವಾಕ್. ಆ ರೆಸ್ಟೋರೆಂಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಜವಾಗಿಯೂ ಇದ್ದ ‘ಅರ್ನೀಸ್’ನ ಪಡಿಯಚ್ಚು. ಪ್ಯಾರಮೌಂಟ್ ಸ್ಟುಡಿಯೊದೊಳಗೆ ಹಾಕಿದ ಸೆಟ್.

ಕ್ಯಾಮೆರಾ ಹಾಯ್ದುಹೋದ ಆ ಮೇಜುಗಳಲ್ಲಿ ಕೂತಿದ್ದವರ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿ ಇಲ್ಲ. ಅವರಲ್ಲಿ ಒಬ್ಬರು ಬೆಸ್ ಫ್ಲವರ್ಸ್. ಆಗ ಅವರಿಗೆ ಅರವತ್ತರ ಹತ್ತಿರ. ಎತ್ತರದ ನಿಲುವು, ನೆಟ್ಟಗಿನ ಬೆನ್ನು, ಒಂದೆಳೆಯೂ ಅತ್ತಿತ್ತ ಸರಿಯದಂತೆ ಒಪ್ಪಮಾಡಿದ ಕೂದಲು. ಹುಟ್ಟಿದಾಗಿನಿಂದ ಇಂಥ ಕಡೆಯೇ ಉಂಡು ಬೆಳೆದವರೇನೋ ಅನ್ನುವ ನಿರಾಳ ಅವರ ಮುಖದಲ್ಲಿ.

ಒಮ್ಮೆ ಆ ಮುಖ ಗುರುತು ಹತ್ತಿದರೆ ಹಳೆಯ ಹಾಲಿವುಡ್ಡೇ ಬೇರೆಯಾಗಿ ಕಾಣತೊಡಗುತ್ತದೆ. ‘ರಿಯರ್ ವಿಂಡೊ’ದಲ್ಲಿ (1954) ಎದುರು ಮನೆಯ ಸಂಗೀತಗಾರನ ಪಾರ್ಟಿಗೆ ನಾಯಿಮರಿ ಹಿಡಿದು ಬರುವ ಅತಿಥಿ ಈಕೆಯೇ. ‘ಆಲ್ ಅಬೌಟ್ ಈವ್’ನಲ್ಲಿ (1950) ನಾಟಕದ ಪ್ರಶಸ್ತಿ ಗೆದ್ದ ಈವ್‌ಳನ್ನು ಅಭಿನಂದಿಸುವ ಗಣ್ಯ ಮಹಿಳೆ ಈಕೆಯೇ. ‘ಸಿಂಗಿನ್ ಇನ್ ದ ರೇನ್’ನಲ್ಲಿ ಸಿನಿಮಾ ನೋಡಲು ಬಂದ ಪ್ರೇಕ್ಷಕರ ನಡುವೆಯೂ ಕೂತಿದ್ದಾರೆ. ‘ಡಬಲ್ ಇಂಡೆಮ್ನಿಟಿ’ಯಲ್ಲಿ (1944) ವಿಮಾ ಕಂಪನಿಯ ದೊಡ್ಡ ಸಾಹೇಬನ ಸೆಕ್ರೆಟರಿಯಾಗಿದ್ದಾರೆ. 1923ರಿಂದ 1964ರವರೆಗೆ, ನಲವತ್ತೊಂದು ವರ್ಷ, ಎಂಟುನೂರಕ್ಕೂ ಹೆಚ್ಚು ಚಿತ್ರ. ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಐದು ಸಿನಿಮಾಗಳಲ್ಲಿ ಅವರಿದ್ದಾರೆ: ‘ಇಟ್ ಹ್ಯಾಪನ್ಡ್ ಒನ್ ನೈಟ್’, ‘ಯು ಕಾಂಟ್ ಟೇಕ್ ಇಟ್ ವಿತ್ ಯು’, ‘ಆಲ್ ಅಬೌಟ್ ಈವ್’, ‘ದ ಗ್ರೇಟೆಸ್ಟ್ ಶೋ ಆನ್ ಅರ್ಥ್’, ‘ಅರೌಂಡ್ ದ ವರ್ಲ್ಡ್ ಇನ್ 80 ಡೇಸ್’. ಇಂಥ ಪಟ್ಟಿ ಎಷ್ಟು ತಾರೆಯರಿಗಿದೆ? ಹಾಲಿವುಡ್‌ನವರು ಅವರನ್ನು ಎಕ್ಸ್‌ಟ್ರಾಗಳ ರಾಣಿ ಎಂದು ಕರೆದರು. ಅದು ಮುದ್ದಿಗೆ ಇಟ್ಟ ಬಿರುದಲ್ಲ, ದುಡಿದು ಪಡೆದದ್ದು.

ಹುಟ್ಟಿದ್ದು 1898ರ ನವೆಂಬರ್‌ನಲ್ಲಿ, ಟೆಕ್ಸಸ್‌ನ ಶೆರ್ಮನ್ ಎಂಬ ಊರಿನಲ್ಲಿ. ಓದಿದ್ದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ, ನಾಟಕ ವಿಭಾಗದಲ್ಲಿ. ತಂದೆಗೆ ನಟನೆ ಇಷ್ಟವಿರಲಿಲ್ಲ, ತಾಯಿ ಮಗಳ ಕೈಗೆ ದುಡ್ಡು ಕೊಟ್ಟು ಕಳಿಸಿದರು, ನ್ಯೂಯಾರ್ಕ್ ರಂಗಭೂಮಿಗೆಂದು ಹೊರಟ ಹುಡುಗಿ ಮನಸ್ಸು ಬದಲಿಸಿ ಹಾಲಿವುಡ್‌ನ ದಾರಿ ಹಿಡಿದಳು ಎಂದು ಅವರ ಬಗ್ಗೆ ಹೇಳುತ್ತಾರೆ. 1923ರಲ್ಲಿ ಸಿನಿಮಾಕ್ಕೆ ಕಾಲಿಟ್ಟ ಬೆಸ್ ಅದೇ ವರ್ಷ ಸೆಸಿಲ್ ಬಿ. ಡಿಮಿಲ್‌ರ ಸಹಾಯಕ ನಿರ್ದೇಶಕ ಕಲನ್ ಟೇಟ್‌ನನ್ನು ಮದುವೆಯಾದರು. ಆ ಮದುವೆ ಬಾಳಲಿಲ್ಲ, ವೃತ್ತಿ ಬಾಳಿತು.

ಮೂಕಿ ಚಿತ್ರಗಳ ಕಾಲದಲ್ಲಿ ಅವರು ನಾಯಕಿಯೂ ಆಗಿದ್ದರು. 1926ರಲ್ಲಿ ಕೌಬಾಯ್ ತಾರೆ ಫ್ರೆಡ್ ಥಾಮ್ಸನ್ ಎದುರು ‘ಲೋನ್ ಹ್ಯಾಂಡ್ ಸಾಂಡರ್ಸ್’, ‘ಹ್ಯಾಂಡ್ಸ್ ಅಕ್ರಾಸ್ ದ ಬಾರ್ಡರ್’ ಚಿತ್ರಗಳಲ್ಲಿ ನಟಿಸಿದರು. 1928ರ ‘ವಿ ಫಾ ಡೌನ್’ನಲ್ಲಿ ಲಾರೆಲ್ ಮತ್ತು ಹಾರ್ಡಿ ಜೋಡಿಯ ಲಾರೆಲ್‌ಗೆ ಹೆಂಡತಿಯಾದರು. ಆಮೇಲೆ ಮಾತು ಬಂತು, ಮುಖ್ಯ ಪಾತ್ರಗಳು ಕೈಬಿಟ್ಟವು. ಇಲ್ಲಿಗೆ ಬಂದು ‘ಪಾಪ, ತಾರೆಯಾಗಬೇಕಿದ್ದವಳು ಎಕ್ಸ್‌ಟ್ರಾ ಆದಳು’ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ನನಗೆ ಆ ನಿಟ್ಟುಸಿರು ಒಪ್ಪಿಗೆಯಿಲ್ಲ. 1926ರಲ್ಲಿ ಬೆಸ್‌ಗಿಂತ ಮೇಲಿದ್ದ ಎಷ್ಟೋ ನಾಯಕಿಯರು ಹತ್ತು ವರ್ಷದಲ್ಲಿ ಕೆಲಸವಿಲ್ಲದೆ ಮನೆ ಸೇರಿದರು. ಬೆಸ್ ಪ್ರತಿ ವಾರ ಕೆಲಸಕ್ಕೆ ಹೋದರು.

ಆ ಕೆಲಸ ಎಂಥದು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ದೊಡ್ಡ ಬಾಲ್‌ರೂಮ್‌ನ ದೃಶ್ಯ ಎಂದುಕೊಳ್ಳಿ. ತೆರೆಯ ಮೇಲೆ ವಾದ್ಯವೃಂದ ನುಡಿಯುತ್ತಿದೆ, ಜೋಡಿಗಳು ಸುತ್ತುತ್ತಿವೆ, ನಡುವೆ ನಾಯಕ ನಾಯಕಿಯ ಕಿವಿಯಲ್ಲಿ ಏನೋ ಹೇಳುತ್ತಾನೆ. ಸೆಟ್‌ನಲ್ಲಿ ಆ ಹೊತ್ತು ಮೌನ. ನಾಯಕನ ಮಾತು ಮೈಕ್‌ಗೆ ಶುದ್ಧವಾಗಿ ಸಿಗಬೇಕಾದ್ದರಿಂದ ಸಂಗೀತ ನಿಲ್ಲಿಸಿರುತ್ತಾರೆ. ಸುತ್ತಲಿನ ಜೋಡಿಗಳು ಇಲ್ಲದ ತಾಳಕ್ಕೆ, ತಪ್ಪದ ಲಯದಲ್ಲಿ, ಹೆಜ್ಜೆಯ ಸಪ್ಪಳವಾಗದಂತೆ ಕುಣಿಯುತ್ತಲೇ ಇರಬೇಕು. ಮೂಲೆಯಲ್ಲಿ ನಿಂತು ಹರಟುವವರು ಬರೀ ತುಟಿ ಆಡಿಸಬೇಕು. ನಗಬೇಕು, ದನಿ ಹೊರಡಬಾರದು. ಕೈಯಲ್ಲಿ ವಿಸ್ಕಿಯ ಬಣ್ಣದ ತಣ್ಣನೆಯ ಟೀ. ಮೊದಲ ಟೇಕ್‌ನಲ್ಲಿ ಯಾವ ಕ್ಷಣಕ್ಕೆ ಗ್ಲಾಸು ತುಟಿಗೆ ಹೋಯಿತೋ ಏಳನೆಯ ಟೇಕ್‌ನಲ್ಲೂ ಅದೇ ಕ್ಷಣಕ್ಕೆ ಹೋಗಬೇಕು. ಇಲ್ಲದಿದ್ದರೆ ಸಂಕಲನದ ಕೋಣೆಯಲ್ಲಿ ಎರಡು ಶಾಟ್‌ಗಳು ಕೂಡಿಕೊಳ್ಳುವುದಿಲ್ಲ. ತಲೆಯ ಮೇಲೆ ಸುಡುವ ದೀಪಗಳು. ಮೈಮೇಲೆ ತುಪ್ಪಳದ ಮೇಲುಹೊದಿಕೆ, ಏಕೆಂದರೆ ಕಥೆಯಲ್ಲಿ ಅದು ಡಿಸೆಂಬರ್.

ಇದೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಅಲ್ಲಿರಬೇಕು, ಆದರೆ ಕಣ್ಣನ್ನು ಸೆಳೆಯಬಾರದು. ಕಳೆಗುಂದಿ ನಿಂತರೆ ಪಾರ್ಟಿ ಸತ್ತಂತೆ ಕಾಣುತ್ತದೆ. ಸ್ವಲ್ಪ ಹೆಚ್ಚು ನಟಿಸಿದರೆ ನಾಯಕಿಯ ಮೇಲಿನ ನೋಟ ಕದಲುತ್ತದೆ, ಸಹಾಯಕ ನಿರ್ದೇಶಕ ಬಂದು ಹಿಂದಿನ ಸಾಲಿಗೆ ಕಳಿಸುತ್ತಾನೆ. ಇವೆರಡರ ನಡುವಿನ ಎಳೆಯ ಮೇಲೆ ಬೆಸ್ ನಲವತ್ತು ವರ್ಷ ನಡೆದರು. ಸಂಗೀತ ಕಚೇರಿಯಲ್ಲಿ ತಂಬೂರಿ ಹಿಡಿದು ಹಿಂದೆ ಕೂತವರನ್ನು ಯಾರೂ ನೋಡುವುದಿಲ್ಲ, ಆದರೆ ಶ್ರುತಿ ಅಲುಗಿದರೆ ಹಾಡುವವರು ಹಾಡಲಾರರು. ಬೆಸ್ ಮಾಡಿದ್ದು ಅಂಥ ಕೆಲಸ. ನಾಯಕಿ ಮಾತಾಡುತ್ತಿರುವಾಗ ಹಿಂದೆ ನಿಂತ ಬೆಸ್‌ರನ್ನು ಒಮ್ಮೆ ನೋಡಿ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಕೇಳಿಸಿಕೊಳ್ಳುವಂತೆ ನಟಿಸುವುದು ಬೇರೆ, ನಿಜವಾಗಿ ಕೇಳಿಸಿಕೊಳ್ಳುವುದು ಬೇರೆ. ಆ ವ್ಯತ್ಯಾಸವನ್ನು ಕ್ಯಾಮೆರಾ ಹಿಡಿಯುತ್ತದೆ.

ಬೆಸ್‌ರ ಬಂಡವಾಳ ಅವರ ಬಟ್ಟೆಯ ಕಪಾಟು. ಚಾರಿತ್ರಿಕ ಚಿತ್ರವಾದರೆ ಸ್ಟುಡಿಯೊ ಉಡುಪು ಕೊಡುತ್ತಿತ್ತು. ಆ ಕಾಲದ್ದೇ ಕಥೆಯಾದರೆ ಎಕ್ಸ್‌ಟ್ರಾಗಳು ತಮ್ಮದೇ ಬಟ್ಟೆ ತೊಟ್ಟು ಬರಬೇಕು. ಒಳ್ಳೆಯ ಸಂಜೆಯುಡುಪು ಇದ್ದವರನ್ನು ‘ಡ್ರೆಸ್ ಎಕ್ಸ್‌ಟ್ರಾ’ ಎಂದು ಬೇರೆಯಾಗಿ ಎಣಿಸುತ್ತಿದ್ದರು. ಗುಂಪಿನಲ್ಲಿ ನಿಲ್ಲುವವರಿಗಿಂತ ಅವರಿಗೆ ದಿನಗೂಲಿ ಹೆಚ್ಚು. ನೆಲ ಮುಟ್ಟುವ ಗೌನು, ಮಧ್ಯಾಹ್ನದ ಚಹಾಕೂಟದ ಸೂಟು, ಟೋಪಿ, ಕೈಗವಸು, ಎಲ್ಲ ಸ್ವಂತ ಖರ್ಚಿನದು. ಫ್ಯಾಷನ್ ಬದಲಾದಾಗ ಮತ್ತೆ ಹೊಲಿಸಬೇಕು. ಬೆಸ್‌ರ ಉಡುಗೆಯ ಅಚ್ಚುಕಟ್ಟು ಇಡೀ ಹಾಲಿವುಡ್‌ಗೆ ಗೊತ್ತಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಜನ ಬ್ರೆಡ್ಡಿಗೆ ಸಾಲು ನಿಂತಿದ್ದಾಗ, ಅದೇ ಜನ ಚಿಲ್ಲರೆ ಕಾಸು ಕೊಟ್ಟು ಚಿತ್ರಮಂದಿರದಲ್ಲಿ ನೋಡಿದ ಸಿರಿವಂತಿಕೆ ಇತ್ತಲ್ಲ, ಅದರ ಒಂದು ಪಾಲು ಹೀಗೆ ದಿನಗೂಲಿ ಹೆಂಗಸರ ಸ್ವಂತ ಕಪಾಟಿನಿಂದ ಬಂದದ್ದು. ಇದನ್ನು ನೆನೆದಾಗಲೆಲ್ಲ ಆ ಚಿತ್ರಗಳ ಥಳುಕು ನನಗೆ ಭಾರವಾಗಿ ಕಾಣುತ್ತದೆ.

ಕೆಲಸ ಸಿಗುತ್ತಿದ್ದದ್ದು ಫೋನಿನಲ್ಲಿ. ಮೊದಲು ಹೀಗಿರಲಿಲ್ಲ. ದೇಶದ ಮೂಲೆ ಮೂಲೆಯಿಂದ ಬಂದ ಹುಡುಗ ಹುಡುಗಿಯರು ಬೆಳಗಾಗುವ ಮೊದಲೇ ಸ್ಟುಡಿಯೊ ಬಾಗಿಲುಗಳಲ್ಲಿ ಮುತ್ತಿಕೊಳ್ಳುತ್ತಿದ್ದರು. ದಲ್ಲಾಳಿಗಳು ಕೂಲಿಯಲ್ಲಿ ಕಮಿಷನ್ ಕಿತ್ತುಕೊಳ್ಳುತ್ತಿದ್ದರು, ಹುಡುಗಿಯರನ್ನು ಬೇರೆ ರೀತಿಯಲ್ಲೂ ಶೋಷಿಸುತ್ತಿದ್ದರು. ಅಪವಾದಗಳು ಹೆಚ್ಚಿದಾಗ, 1925ರ ಕೊನೆಯಲ್ಲಿ, ಚಿತ್ರ ನಿರ್ಮಾಪಕರ ಸಂಘದ ಮುಖ್ಯಸ್ಥ ವಿಲ್ ಹೇಸ್ ಮುಂದಾಳುತನದಲ್ಲಿ ಸ್ಟುಡಿಯೊಗಳೆಲ್ಲ ಸೇರಿ ‘ಸೆಂಟ್ರಲ್ ಕಾಸ್ಟಿಂಗ್’ ಸ್ಥಾಪಿಸಿದವು. ಹೆಸರು ನೋಂದಾಯಿಸಿಕೊಂಡ ಸಾವಿರಾರು ಮಂದಿ ಸಂಜೆಯಾಗುತ್ತಲೇ ಅಲ್ಲಿಗೆ ಫೋನ್ ಮಾಡಿ ತಮ್ಮ ಹೆಸರು ಹೇಳುವರು. ಆಚೆಯಿಂದ ಬರುವ ಉತ್ತರ ಬಹುಪಾಲು ಒಂದೇ: ಕೆಲಸವಿಲ್ಲ, ಆಮೇಲೆ ಮಾಡಿ. ಆಮೇಲೆ ಮಾಡಿದರೂ ಅದೇ. ದಲ್ಲಾಳಿಯ ಕಾಟ ತಪ್ಪಿತು, ಹಸಿವೆ ತಪ್ಪಲಿಲ್ಲ. ಇಂಥದ್ದರಲ್ಲಿ ಫ್ರ್ಯಾಂಕ್ ಕಾಪ್ರಾ, ಹಿಚ್‌ಕಾಕ್‌ರಂಥವರ ಚಿತ್ರಗಳಿಗೆ ಮತ್ತೆ ಮತ್ತೆ ಕರೆಸಿಕೊಳ್ಳುವುದೆಂದರೆ ಅದು ಅದೃಷ್ಟವಲ್ಲ. ಹೇಳಿದ ಹೊತ್ತಿಗೆ ಬರುವ, ಹೇಳಿದ ಜಾಗದಲ್ಲಿ ನಿಲ್ಲುವ, ಸಂಭಾಷಣೆ ಕೊಟ್ಟರೆ ಒಂದೇ ಟೇಕ್‌ನಲ್ಲಿ ಆಡಿ ಮುಗಿಸುವ ನಟಿ ಎಂಬ ಭರವಸೆ.

ಒಂದು ವಾಕ್ಯದ ಮಾತಿಗೂ ಬೆಲೆಯಿತ್ತು. ಬಾಯಿ ಬಿಟ್ಟ ಕೂಡಲೇ ಎಕ್ಸ್‌ಟ್ರಾ ‘ಬಿಟ್ ಪ್ಲೇಯರ್’ ಆಗುತ್ತಿದ್ದರು, ಆ ದಿನದ ಕೂಲಿ ಏರುತ್ತಿತ್ತು. ಬೆಸ್ ಈ ಗಡಿಯನ್ನು ಎಷ್ಟೋ ಸಲ ದಾಟಿ ಮರಳಿದರು. ‘ತ್ರೀ ಸ್ಟೂಜಸ್’ ಹಾಸ್ಯ ತಂಡದ ಕಿರುಚಿತ್ರಗಳಲ್ಲಂತೂ ಅವರಿಗೆ ನಿಜವಾದ ಪಾತ್ರಗಳೇ ಸಿಕ್ಕವು. 1938ರ ‘ಟ್ಯಾಸೆಲ್ಸ್ ಇನ್ ದಿ ಏರ್’ನಲ್ಲಿ ಮೂವರು ಹುಚ್ಚರ ಕೈಗೆ ಮನೆಯ ಅಲಂಕಾರ ಒಪ್ಪಿಸುವ ಶ್ರೀಮತಿ ಸ್ಮರ್ಚ್ ಆಗಿ ನೋಡಿ. ಸುತ್ತ ಬಣ್ಣ ಹಾರುತ್ತಿದ್ದರೂ ತನ್ನ ಗತ್ತು ಬಿಡದ ಗೃಹಿಣಿ. ಆ ಗತ್ತು ಇಲ್ಲದಿದ್ದರೆ ಸ್ಟೂಜಸ್‌ಗಳ ಕಪಿಚೇಷ್ಟೆಗೆ ನಗು ಬರುವುದಿಲ್ಲ.

ಇಷ್ಟೆಲ್ಲ ಹೇಳಿ ಇನ್ನೊಬ್ಬ ಹೆಣ್ಣುಮಗಳ ಹೆಸರು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಬೆಸ್ ಅತಿಥಿಯಾಗಿ ನಿಲ್ಲುತ್ತಿದ್ದ ಆ ಔತಣಕೂಟಗಳಿಗೆ ತೆರೇಸಾ ಹ್ಯಾರಿಸ್ ಕೂಡ ಬರಬಹುದಿತ್ತು, ಆದರೆ ತಟ್ಟೆ ಹಿಡಿದು. ಅವರೂ ಟೆಕ್ಸಸ್‌ನವರೇ, ಹ್ಯೂಸ್ಟನ್ನಿನವರು. ಕಪ್ಪು ಜನಾಂಗದವರು. ಹಾಡು, ಕುಣಿತ, ಚೆಲುವು, ಚುರುಕು ಎಲ್ಲ ಇತ್ತು. ‘ಬೇಬಿ ಫೇಸ್’ನಲ್ಲಿ (1933) ಬಾರ್ಬರಾ ಸ್ಟ್ಯಾನ್‌ವಿಕ್‌ಳ ಗೆಳತಿ ಚಿಕೊ ಅವರು. ಚಿಕೊಳನ್ನು ಕೆಲಸದಿಂದ ಕಿತ್ತುಹಾಕಲು ಹೊರಟಾಗ, ಅವಳು ಹೋದರೆ ತಾನೂ ಹೋಗುವೆನೆಂದು ನಾಯಕಿ ಪಟ್ಟು ಹಿಡಿಯುತ್ತಾಳೆ. ಆ ಕಾಲದ ಚಿತ್ರಗಳಲ್ಲಿ ಇಂಥ ಸ್ನೇಹ ಅಪರೂಪ. ಆಮೇಲಿನ ವರ್ಷಗಳಲ್ಲಿ ತೆರೇಸಾಗೆ ಸಿಕ್ಕದ್ದು ಬಹುಪಾಲು ಸೇವಕಿಯ ಏಪ್ರನ್. ‘ಕ್ಯಾಟ್ ಪೀಪಲ್’ನಲ್ಲಿ ಮಾಣಿ, ‘ಐ ವಾಕ್ಡ್ ವಿತ್ ಎ ಜೋಂಬಿ’ಯಲ್ಲಿ ಮನೆಗೆಲಸದಾಕೆ. ಸೇವಕಿಯ ಪಾತ್ರ ದಾಟಿ ಮೇಲೇರುವ ದಾರಿಯೇ ತಮ್ಮಂಥವರಿಗೆ ಇಲ್ಲವೆಂದು ಅವರು ಬಹಿರಂಗವಾಗಿ ಹೇಳಿದ್ದರು.

‘ಔಟ್ ಆಫ್ ದ ಪಾಸ್ಟ್’ನಲ್ಲಿ (1947) ಮಾತ್ರ ಒಂದು ಪುಟ್ಟ ದೃಶ್ಯವಿದೆ. ನೈಟ್‌ಕ್ಲಬ್ಬಿನ ಮೇಜಿನಲ್ಲಿ ಚೆನ್ನಾಗಿ ಉಡುಪು ತೊಟ್ಟು ಜೊತೆಗಾರನೊಂದಿಗೆ ಕೂತ ಯೂನಿಸ್ ಆಗಿ ತೆರೇಸಾ. ಆಕೆ ಮನೆಗೆಲಸಕ್ಕಿದ್ದ, ಈಗ ಓಡಿಹೋದ ಒಡತಿಯ ಗುಟ್ಟು ಕೆದಕಲು ಬಂದ ರಾಬರ್ಟ್ ಮಿಚಮ್‌ಗೆ ಎಷ್ಟು ಬೇಕೋ ಅಷ್ಟೇ ಹೇಳುತ್ತಾರೆ. ಅವನು ಅಲ್ಲಿ ಹೊರಗಿನವನು, ಆಕೆ ಒಳಗಿನವಳು. ಈ ದೃಶ್ಯದಲ್ಲಿ ತೆರೇಸಾ ಕೂತ ರೀತಿ ನೋಡಿದರೆ ಹಾಲಿವುಡ್ ಏನನ್ನು ಕಳೆದುಕೊಂಡಿತೆಂದು ಹೊಟ್ಟೆ ಉರಿಯುತ್ತದೆ. ನಾಟಕಕಾರ್ತಿ ಲಿನ್ ನೊಟೇಜ್ 2011ರಲ್ಲಿ ‘ಬೈ ದ ವೇ, ಮೀಟ್ ವೆರಾ ಸ್ಟಾರ್ಕ್’ ಬರೆಯಲು ತೆರೇಸಾರ ಬದುಕೇ ಪ್ರೇರಣೆ. ಬೆಸ್‌ರನ್ನು ಮೆಚ್ಚುವಾಗ ಇದನ್ನು ಮರೆಯಬಾರದು. ಒಳ್ಳೆಯ ಬಟ್ಟೆ, ಒಳ್ಳೆಯ ನಡಿಗೆ ಇದ್ದರೆ ಸಾಕು ಎಂಬ ಮಾತು ಬಿಳಿಯರಿಗಷ್ಟೇ ನಿಜವಾಗಿತ್ತು.

ತಮ್ಮಂಥವರ ದುಡಿಮೆಯ ವಿಷಯದಲ್ಲಿ ಬೆಸ್ ಸುಮ್ಮನಿರಲಿಲ್ಲ. 1933ರಲ್ಲಿ ಹುಟ್ಟಿದ ನಟರ ಸಂಘದಲ್ಲಿ ಎಕ್ಸ್‌ಟ್ರಾಗಳು ಕಿರಿಯ ಸದಸ್ಯರು. ತಾರೆಯರ ಹಿತ ಒಂದು, ದಿನಗೂಲಿಯವರ ಹಿತ ಇನ್ನೊಂದು. 1940ರ ದಶಕದ ಮಧ್ಯದಲ್ಲಿ ಎಕ್ಸ್‌ಟ್ರಾಗಳು ಬೇರೆಯಾಗಿ ‘ಸ್ಕ್ರೀನ್ ಎಕ್ಸ್‌ಟ್ರಾಸ್ ಗಿಲ್ಡ್’ ಕಟ್ಟಿಕೊಂಡಾಗ ಕಟ್ಟಿದವರಲ್ಲಿ ಬೆಸ್ ಒಬ್ಬರು. ಅದರ ಮೊದಲ ಉಪಾಧ್ಯಕ್ಷರಲ್ಲೂ ಅವರ ಹೆಸರಿದೆ. ತೆರೆಯ ಮೇಲೆ ಸಿರಿವಂತೆಯಾಗಿ ಶಾಂಪೇನ್ ಗ್ಲಾಸು ಎತ್ತಿದ ಕೈ, ಸಂಜೆ ಸಂಘದ ಕಾಗದಪತ್ರ ಬರೆಯುತ್ತಿತ್ತು. ಆ ಗಿಲ್ಡ್ 1992ರವರೆಗೆ ಬಾಳಿತು, ಆಮೇಲೆ ಎಕ್ಸ್‌ಟ್ರಾಗಳು ಮತ್ತೆ ನಟರ ಸಂಘದ ಆಸರೆಗೆ ಬಂದರು. ನಮ್ಮ ಗಾಂಧಿನಗರದಲ್ಲಿ ಜೂನಿಯರ್ ಆರ್ಟಿಸ್ಟ್ ಎನಿಸಿಕೊಂಡು ಬೆಳಗಿನ ಕಾಲ್‌ಶೀಟಿಗೆ ಕಾಯುವವರಿಗೆ ಈ ಕಥೆಯಲ್ಲಿ ಹೊಸದೇನೂ ಇರಲಾರದು.

ಸ್ಟುಡಿಯೊಗಳ ಕಾಲ ಇಳಿಯುತ್ತಿದ್ದಂತೆ ಬಾಲ್‌ರೂಮ್ ದೃಶ್ಯಗಳೂ ಇಳಿದವು. ಬೆಸ್ ಟೆಲಿವಿಷನ್‌ನಲ್ಲೂ ಕಾಣಿಸಿಕೊಂಡರು. 1964ರಲ್ಲಿ, ಜ್ಯಾಕ್ ಲೆಮನ್ ನಟಿಸಿದ ‘ಗುಡ್ ನೇಬರ್ ಸ್ಯಾಮ್’ ಮುಗಿಸಿ ನಿಲ್ಲಿಸಿದರು. ಕೊನೆಯ ವರ್ಷಗಳು ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ, ಚಿತ್ರರಂಗದ ಹಿರಿಯರಿಗೆಂದೇ ಇರುವ ಆಶ್ರಯದಲ್ಲಿ ಕಳೆದವು. ತೀರಿಕೊಂಡದ್ದು 1984ರ ಜುಲೈ 28ರಂದು, ಎಂಬತ್ತೈದರ ವಯಸ್ಸಿನಲ್ಲಿ.

ಅವರ ದನಿ ಕೇಳಬೇಕೆನ್ನುವವರು ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಹಾಕಿಕೊಳ್ಳಿ. ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಇಬ್ಬರಿಗೂ ಆಸ್ಕರ್ ತಂದ ಚಿತ್ರ. ಕಥೆ ಪತ್ರಿಕಾ ಕಚೇರಿಗೆ ಹೋದಾಗ ಕೂಗಾಡುವ ಸಂಪಾದಕನನ್ನು ಬಿಟ್ಟು, ಅವನ ಸೆಕ್ರೆಟರಿಯನ್ನು ನೋಡಿ. ಹೆಸರು ಆಗ್ನೆಸ್. ಬೆಸ್ ಫ್ಲವರ್ಸ್‌ಗೆ ಆಗ ಮೂವತ್ತೈದು.